ಬಿಪಿ, ಶುಗರ್, ಕಿಡ್ನಿ, ರಕ್ತ: ಎಲ್ಲಾ ರಿಪೋರ್ಟ್ ಒಂದ ಫೈಲ್‌ನಾಗ ಇಟ್ಟು ಓದೂದು ಹೆಂಗ

"ಸರ, ನಮ್ಮಪ್ಪಗ ಮೊದಲ ಶುಗರ್ ಇತ್ತು, ಆಮ್ಯಾಲ ಬಿಪಿ ಬಂತು, ಈಗ ಕ್ರಿಯಾಟಿನಿನ್ ಜಾಸ್ತಿ ಐತಿ ಅಂತಾರ, ಒಂದಾದಮ್ಯಾಲ ಒಂದು ಯಾಕ ಬರಾಕತ್ತಾವ್ರಿ?"

ವಾರಕ್ಕ ನಾಕೈದು ಮಂದಿ ಇದನ್ನ ಕೇಳ್ತಾರ. ನಂದು ಹುಬ್ಬಳ್ಳ್ಯಾಗ ಲ್ಯಾಬ್ ಕೆಲಸ, ರಕ್ತ ತಗೊಳ್ಳೂದು, ರಿಪೋರ್ಟ್ ಕೊಡೂದು, ಇಪ್ಪತ್ತು ವರ್ಷದ ಮ್ಯಾಲಾತು. ನಾನು ಡಾಕ್ಟರ್ ಅಲ್ಲ, ಗುಳಿಗಿ ಬರದು ಕೊಡೂದಿಲ್ಲ. ಆದ್ರ ಇಷ್ಟು ವರ್ಷ ರಿಪೋರ್ಟ್ ನೋಡಿ ನೋಡಿ ಒಂದು ಮಾತಂತೂ ಪಕ್ಕಾ ಆಗೇತಿ, ಮೈಯಾಗ ಒಂದು ಅಂಗ ಸೋತ್ರ ಅದರ ಭಾರ ಬಾಜೂಕಿನ ಅಂಗ ಹೊರತೈತಿ, ಅದು ಹೊತ್ತು ಹೊತ್ತು ದಣಿದಾಗ ನಮಗ ಗೊತ್ತಾಗ್ತೈತಿ, ಅಷ್ಟೊತ್ತಿಗೆ ವರ್ಷಗಟ್ಟಲೆ ಆಗಿರ್ತೈತಿ. ನಮಗ ತಡವಾಗಿ ತಿಳಿಯಾಕ ಇನ್ನೊಂದು ಕಾರಣ ಐತಿ, ಶುಗರ್ ಫೈಲ್ ಒಂದು ದವಾಖಾನ್ಯಾಗ, ಮೊಣಕಾಲಿನ ಎಕ್ಸ್‌ರೇ ಇನ್ನೊಂದು ಕಡೆ, ಕಣ್ಣಿನ ಚೀಟಿ ಎಲ್ಲೋ ಗಾದಿ ಕೆಳಗ. ಮೈ ಒಂದ ಇದ್ರೂ ಕಾಗದ ಐದು ಕಡೆ. ಹಿಂಗಾಗಿ ಮನಿ ಮಂದಿಗೆ ಫೈಲ್ ಹೆಂಗ ಮಾಡ್ಬೇಕು, ಅದರಾಗ ಒಂದು ನಂಬರ್‌ಗೆ ಇನ್ನೊಂದು ನಂಬರ್ ಹೆಂಗ ಕೂಡಿಸಿ ಓದ್ಬೇಕು ಅನ್ನೂದನ್ನ ಹಂತ ಹಂತ ಹೇಳ್ತೀನಿ.

ಏನೇನು ಬೇಕು: ಗಟ್ಟಿ ರಟ್ಟಿನ ಒಂದು ಫೈಲ್ (ಒಬ್ಬರಿಗೆ ಒಂದು, ಗಂಡ ಹೆಂಡ್ತಿದು ಒಂದರಾಗ ಹಾಕಬ್ಯಾಡ್ರಿ), ಒಂದು ನೂರು ಪೇಜಿನ ನೋಟ್‌ಬುಕ್, ತೋಳಿಗೆ ಕಟ್ಟೂ ಬಿಪಿ ಮಷಿನ್, ಟೇಲರ್ ಟೇಪ್, ಶುಗರ್ ಇದ್ದವರ ಮನ್ಯಾಗ ಗ್ಲುಕೋಮೀಟರ್. ಮಣಿಕಟ್ಟಿಗೆ ಕಟ್ಟೂ ಬಿಪಿ ಮಷಿನ್ ಸಸ್ತಾ ಸಿಗ್ತಾವು ಆದ್ರ ಕೈ ಸ್ವಲ್ಪ ಮ್ಯಾಲ ಕೆಳಗ ಆದ್ರೂ ನಂಬರ್ ಬದಲಾಗ್ತೈತಿ, ತೋಳಿಂದ ತಗೋರಿ.

ಹಂತ 1: ಮನ್ಯಾಗಿನ ಗುಳಿಗಿ ಎಲ್ಲಾ ಒಂದು ಚೀಲಕ್ಕ ಹಾಕ್ರಿ

ರಿಪೋರ್ಟ್ ಕಿಂತ ಮೊದಲ ಇದು. ಫ್ರಿಜ್ ಮ್ಯಾಲಿನ ಡಬ್ಬಿ, ಅಪ್ಪಾರ ಅಂಗಿ ಕಿಸೆ, ತಲಿದಿಂಬಿನ ಕೆಳಗ, ಎಲ್ಲಾ ಕಡೆ ಹುಡುಕ್ರಿ. ಡಾಕ್ಟರ್ ಬರದಿದ್ದು, ಮೆಡಿಕಲ್ ಶಾಪ್‌ನಾಗ ಕೇಳಿ ತಂದಿದ್ದು, ಜಾತ್ರ್ಯಾಗ ತಂದ ಪುಡಿ, ಟಾನಿಕ್, ಗ್ಯಾಸ್ ಗುಳಿಗಿ, ಯಾವುದೂ ಬಿಡಬ್ಯಾಡ್ರಿ. ಪ್ರತಿ ಸ್ಟ್ರಿಪ್ ಮ್ಯಾಲ ಔಷಧದ ಹೆಸರು ಸಣ್ಣ ಅಕ್ಷರದಾಗ ಇರ್ತೈತಿ, ಕಂಪನಿ ಇಟ್ಟ ದೊಡ್ಡ ಹೆಸರು ಬ್ಯಾರೆ, ಆ ಸಣ್ಣ ಅಕ್ಷರದ್ದನ್ನ ನೋಟ್‌ಬುಕ್‌ನಾಗ ಬರೀರಿ. ಎರಡು ಬ್ಯಾರೆ ಬ್ಯಾರೆ ಕಂಪನಿ ಹೆಸರಿಲೆ ಒಂದ ಔಷಧ ಎರಡು ಸಲ ನುಂಗೂ ಮಂದಿ ಭಾಳ ಸಿಗ್ತಾರ.

ನಮ್ಮವ್ವಂದ ಹೇಳ್ತೀನಿ. ಮೊಣಕಾಲು ನೋವಿಗೆ ಅಂಗಡ್ಯಾಗ ಕೇಳಿ ತಗೊಂಡ ಗುಳಿಗಿ ದಿನಾ ಎರಡು ನುಂಗ್ತಿದ್ಲು, ಸ್ಟ್ರಿಪ್ ಅಡಗಿಮನ್ಯಾಗ ಸಾಸಿವಿ ಡಬ್ಬಿ ಹಿಂದ ಇರ್ತಿತ್ತು, ನಮಗ ಯಾರಿಗೂ ಗೊತ್ತಿರಲಿಲ್ಲ. ಬಿಪಿ ಏರ್ತು, ಒಂದಿದ್ದ ಬಿಪಿ ಗುಳಿಗಿ ಎರಡಾತು, ಪಾದ ಬಾತು ಚಪ್ಪಲ್ ಪಟ್ಟಿ ಗುರುತು ಚರ್ಮದ ಮ್ಯಾಲ ಮೂಡಾಕತ್ತು, ಕ್ರಿಯಾಟಿನಿನ್, ಅಂದ್ರ ಕಿಡ್ನಿ ಕೆಲಸ ಹೆಂಗ ನಡದೈತಿ ಅಂತ ತೋರಸೂ ರಕ್ತದ ನಂಬರ್, 1.7 ಬಂತು. ಆ ರಕ್ತ ನಾನ ತಗದಿದ್ದೆ. ಎಲ್ಲಾ ಗುಳಿಗಿ ತಂದು ತೋರಸ್ರಿ ಅಂತ ಡಾಕ್ಟರ್ ಅಂದಮ್ಯಾಲ ಆ ಸ್ಟ್ರಿಪ್ ಹೊರಗ ಬಂತು. ಅದನ್ನ ಬಿಡಿಸಿದ್ರು, ಆರು ವಾರಕ್ಕ 1.2 ಕ್ಕ ಇಳೀತು.

ಆಗಿದ್ದು ಇಷ್ಟು: ಡೈಕ್ಲೋಫೆನಾಕ್, ಐಬುಪ್ರೊಫೇನ್ ಥರದ ನೋವಿನ ಗುಳಿಗಿ ಉರಿಯೂತ, ಅಂದ್ರ ಬಾವು ನೋವು ತರೂ ರಾಸಾಯನಿಕ ತಡೀತಾವು, ಆದ್ರ ಅದ ರಾಸಾಯನಿಕ ಕಿಡ್ನಿಗೆ ರಕ್ತ ಒಯ್ಯೂ ಸಣ್ಣ ನಾಳ ತೆರದಿಡಾಕ ಬೇಕು, ಹೊಟ್ಟಿ ಒಳಗಿನ ಪದರ ಕಾಯಾಕನೂ ಬೇಕು. ಮೊಣಕಾಲಿಗೆ ತಗೊಂಡ ಗುಳಿಗಿ ಹೊಟ್ಟ್ಯಾಗ ಹುಣ್ಣು ಮಾಡಬಹುದು, ಕಿಡ್ನ್ಯಾಗ ಉಪ್ಪು ನೀರು ನಿಲ್ಲಿಸಬಹುದು, ಅದರಿಂದ ಬಿಪಿ ಏರಬಹುದು. ಮೂರು ಕಡೆ ತ್ರಾಸು, ಕಾರಣ ಒಂದ.

ಎಚ್ಚರ: ಹೆಸರಿಲ್ಲದ ಪುಡಿ, ಬರೇ ಪೊಟ್ಟಣದಾಗ ಕಟ್ಟಿಕೊಟ್ಟ ಗುಳಿಗಿ ತಗೊಂಡ ಎರಡ ದಿನಕ್ಕ ಸಂದು ನೋವು ಮಾಯ ಆದ್ರ ಖುಷಿ ಪಡಬ್ಯಾಡ್ರಿ, ಅದರಾಗ ಸ್ಟಿರಾಯ್ಡ್ ಇರೂ ಸಂಭವ ಐತಿ, ಶುಗರ್ ಏರಸ್ತೈತಿ, ಎಲುಬು ಸವಿಸ್ತೈತಿ. ಅದನ್ನ ತಿಂಗಳಗಟ್ಟಲೆ ತಗೊಂಡಿದ್ರ ಒಮ್ಮೆಲೆ ಬಿಡೂದೂ ಅಪಾಯ, ಡಾಕ್ಟರಿಗೆ ತೋರಿಸಿ ಕೇಳ್ರಿ. ಡಾಕ್ಟರ್ ಬರದ ಯಾವ ಗುಳಿಗಿನೂ ಈ ಲೇಖನ ಓದಿ ನಿಲ್ಲಸಬ್ಯಾಡ್ರಿ.

ಹಂತ 2: ಬಿಪಿ ಏಳು ದಿನ ಬರೀರಿ

ಬಿಪಿ ಅಂದ್ರ ಹರಿಯೂ ರಕ್ತ ನಾಳದ ಗ್ವಾಡಿ ಮ್ಯಾಲ ಹಾಕೂ ಒತ್ತಡ. ಮ್ಯಾಲಿನ ನಂಬರ್ ಹೃದಯ ಹಿಂಡಿದಾಗಿಂದು, ಕೆಳಗಿಂದು ಸಡಲ ಬಿಟ್ಟಾಗಿಂದು. ಸುಮ್ಮನ ಕುಂತಾಗನೂ ಹೃದಯ ನಿಮಿಷಕ್ಕ ಸುಮಾರು 5 ಲೀಟರ್ ರಕ್ತ ತಳ್ಳತೈತಿ, ಅಂದ್ರ ಮೈಯಾಗಿನ ಎಲ್ಲಾ ರಕ್ತ ನಿಮಿಷಕ್ಕ ಒಂದು ಸುತ್ತು.

ನಮ್ಮೂರಾಗ ನಳ ಬರೂ ದಿನ ಎಲ್ಲಾರೂ ಮೋಟರ್ ಹಚ್ಚೂದು ಗೊತ್ತಲ್ಲ, ಪೈಪ್ ಸಣ್ಣದಾದ್ರ ಇಲ್ಲಾ ಒಳಗ ಕಟ್ಟಿಕೊಂಡಿದ್ರ ಮೋಟರ್ ಜಗ್ಗತೈತಿ, ಬಿಸಿ ಆಗ್ತೈತಿ. ಹೃದಯ ಮತ್ತ ನಾಳದ ಕತಿ ಹಂಗ ಐತಿ, ಆದ್ರ ಒಂದು ಫರಕ್, ಮೈಯಾಗ ಪ್ರೆಶರ್ ಎಷ್ಟಿರಬೇಕು ಅನ್ನೂದನ್ನ ಫಿಲ್ಟರೂ ಹೇಳ್ತೈತಿ. ಫಿಲ್ಟರ್ ಅಂದ್ರ ಕಿಡ್ನಿ. ತನಗ ಬರೂ ರಕ್ತ ಕಡಿಮಿ ಆತು ಅನಿಸಿದ್ರ ಕಿಡ್ನಿ ರೆನಿನ್ ಅನ್ನೂ ಒಂದು ರಾಸಾಯನಿಕ ಬಿಡ್ತೈತಿ, ಅದರಿಂದ ನಾಳ ಬಿಗಿತಾವು, ಉಪ್ಪು ನೀರು ಮೈಯಾಗ ಉಳಿತೈತಿ, ಪ್ರೆಶರ್ ಏರ್ತೈತಿ. ಹಿಂಗಾಗಿ ಬಿಪಿ ಜಾಸ್ತಿ ಆದ್ರ ಕಿಡ್ನಿ ಕೆಡ್ತೈತಿ, ಕಿಡ್ನಿ ಕೆಟ್ರ ಬಿಪಿ ಏರ್ತೈತಿ. ಹೊಸದಾಗಿ ಬಿಪಿ ಬಂದವರು ಕ್ರಿಯಾಟಿನಿನ್ ಒಮ್ಮೆ ನೋಡಸ್ಬೇಕು ಅನ್ನೂದು ಇದಕ್ಕ.

ಅಳತಿ ಹಿಂಗ ಮಾಡ್ರಿ. ಅಳಿಯೂ ಮೊದಲ ಅರ್ಧ ತಾಸಿನಾಗ ಚಾ, ತಂಬಾಕು, ವ್ಯಾಯಾಮ ಬ್ಯಾಡ. ಒಂದಕ್ಕ ಹೋಗಿ ಬರ್ರಿ, ತುಂಬಿದ ಚೀಲನೂ ಬಿಪಿ ಏರಸ್ತೈತಿ. ಕುರ್ಚಿ ಮ್ಯಾಲ ಬೆನ್ನು ಆನಿಸಿ, ಎರಡೂ ಪಾದ ನೆಲಕ್ಕ ಊರಿ ಐದು ನಿಮಿಷ ಸುಮ್ಮನ ಕುಂದರ್ರಿ, ಕಾಲ ಮ್ಯಾಲ ಕಾಲು ಹಾಕಬ್ಯಾಡ್ರಿ. ಕೈ ಟೇಬಲ್ ಮ್ಯಾಲ ಎದಿ ಮಟ್ಟಕ್ಕ ಇರಲಿ, ಪಟ್ಟಿ ಬರೀ ತೋಳಿಗೆ ಕಟ್ರಿ, ಸ್ವೆಟರ್ ತೋಳು ಮ್ಯಾಲ ಏರಿಸಿ ಬಿಗಿ ಮಾಡಬ್ಯಾಡ್ರಿ. ಅಳಿವಾಗ ಮಾತಾಡೂದು ಬ್ಯಾಡ. ಒಂದು ನಿಮಿಷ ಬಿಟ್ಟು ಎರಡನೇ ಸಲ. ಮುಂಜಾನೆ ಗುಳಿಗಿ ಮೊದಲ ಎರಡು ಸಲ, ರಾತ್ರಿ ಎರಡು ಸಲ, ಏಳು ದಿನ. ಮೊದಲನೇ ದಿನದ್ದು ಬಿಟ್ಟು ಉಳಿದಿದ್ದರ ಸರಾಸರಿ ತಗೀರಿ. ಮನ್ಯಾಗ ತಗೊಂಡ ಸರಾಸರಿ 135/85 ಇಲ್ಲಾ ಅದರಕಿಂತ ಮ್ಯಾಲ ಇದ್ರ ಡಾಕ್ಟರಿಗೆ ತೋರಸ್ರಿ, ದವಾಖಾನ್ಯಾಗ ಅಳದ್ರ ಈ ಗೆರಿ 140/90.

ಅರವತ್ತು ದಾಟಿದವರದು, ಶುಗರ್ ಇದ್ದವರದು ನಿಂತೂ ಅಳೀರಿ. ನಾವು ಎದ್ದು ನಿಂತ ಕೂಡ್ಲೇ ರಕ್ತ ಕಾಲಿಗೆ ಇಳಿತೈತಿ, ಕುತ್ತಿಗಿ ನಾಳದಾಗಿನ ಒತ್ತಡ ಅರಿಯೂ ನರ ಮಿದುಳಿಗೆ ಸುದ್ದಿ ಮುಟ್ಟಸ್ತಾವು, ಮಿದುಳು ಹೃದಯಕ್ಕ ಜೋರು ಮಾಡು ಅಂತೈತಿ, ನಾಳಕ್ಕ ಬಿಗಿ ಆಗು ಅಂತೈತಿ, ಇದೆಲ್ಲಾ ಕೆಲವು ಸೆಕೆಂಡಿನಾಗ ಆಗಿ ಹೋಗ್ತೈತಿ, ಅದಕ್ಕ ನಮಗ ತಲಿ ತಿರಗೂದಿಲ್ಲ. ವಯಸ್ಸಾದವರಿಗೆ, ವರ್ಷಗಟ್ಟಲೆ ಶುಗರ್ ಇದ್ದವರಿಗೆ ಈ ಸುದ್ದಿ ತಡ ಆಗ್ತೈತಿ, ಬೆಳಗಿನ ಜಾವ ಬಚ್ಚಲಕ್ಕ ಹೋಗಾಕ ಎದ್ದು ಬಿದ್ದು ತೊಡಿ ಎಲುಬು ಮುರಕೊಂಡಿದ್ದು ಎಷ್ಟು ಮಂದೀದ ನೋಡೀನಿ. ಮಲಗಿ ಒಂದು ಸಲ, ಎದ್ದು ನಿಂತು ಒಂದು ನಿಮಿಷಕ್ಕ, ಮೂರು ನಿಮಿಷಕ್ಕ ಅಳೀರಿ. ಮ್ಯಾಲಿನ ನಂಬರ್ 20 ಇಲ್ಲಾ ಜಾಸ್ತಿ ಇಳದ್ರ ಬರದಿಟ್ಟು ಡಾಕ್ಟರಿಗೆ ಹೇಳ್ರಿ. ಅಳಿವಾಗ ಬಾಜೂಕ ಒಬ್ಬರು ನಿಂತಿರ್ರಿ.

ಹಂತ 3: ಶುಗರ್ ಮೂರು ನಂಬರಿಲೆ ಓದ್ರಿ

ಶುಗರ್ ಬರೇ ಸಕ್ರಿ ಕಾಯಿಲೆ ಅಂದ್ಕೊಂಡೇವಿ. ಊಟ ಮಾಡಿದಮ್ಯಾಲ ಕರುಳಿನಿಂದ ಗ್ಲುಕೋಸ್ ರಕ್ತಕ್ಕ ಬರ್ತೈತಿ, ಮೇದೋಜೀರಕ, ಅಂದ್ರ ಹೊಟ್ಟಿ ಹಿಂದಿರೂ ಪ್ಯಾಂಕ್ರಿಯಾಸ್ ಗ್ರಂಥಿ, ಇನ್ಸುಲಿನ್ ಬಿಡ್ತೈತಿ, ಆ ಗ್ಲುಕೋಸಿನ ದೊಡ್ಡ ಪಾಲು ಸ್ನಾಯು ಒಯ್ಯತಾವು, ಒಂದು ಪಾಲು ಲಿವರ್ ಕೂಡಿಟ್ಟುಕೊಳ್ತೈತಿ. ರಾತ್ರಿ ನಾವು ಮಲಗಿದಾಗ ಮಿದುಳಿಗೆ ಗ್ಲುಕೋಸ್ ಬೇಕ ಬೇಕಲ್ಲ, ಅದು ತೂಕದಾಗ ಮೈಯ 2 ಪರ್ಸೆಂಟ್ ಅಷ್ಟ ಇದ್ರೂ ಸುಮಾರು 20 ಪರ್ಸೆಂಟ್ ಶಕ್ತಿ ತಗೊಳ್ತೈತಿ, ಆ ಹೊತ್ತಿನಾಗ ಲಿವರ್ ಕೂಡಿಟ್ಟಿದ್ದನ್ನ ಸ್ವಲ್ಪ ಸ್ವಲ್ಪ ಬಿಡ್ತೈತಿ. "ರಾತ್ರಿ ಏನೂ ತಿಂದಿಲ್ರಿ, ಮುಂಜಾನೆ ಶುಗರ್ ಹೆಂಗ ಏರ್ತು?" ಅಂತ ಕೇಳ್ತೀರಲ್ಲ, ಲಿವರ್ ಬಿಟ್ಟಿದ್ದು ಅದು, ಇನ್ಸುಲಿನ್ ಅದನ್ನ ತಡಿಯಾಕ ಸಾಲಲಿಲ್ಲ.

ಖಾಲಿ ಹೊಟ್ಟಿದು: 100 ರ ಒಳಗ ಸರಿ, 100 ರಿಂದ 125 ಗಡಿ ಮ್ಯಾಲ, 126 ಇಲ್ಲಾ ಮ್ಯಾಲ ಇದ್ರ ಶುಗರ್ ಕಾಯಿಲೆ, ಇನ್ನೊಂದು ಸಲ ಮಾಡಿಸಿ ಖಾತ್ರಿ ಮಾಡ್ಕೊಬೇಕು. ಊಟ ಆಗಿ ಎರಡು ತಾಸಿಂದು, ಮೊದಲನೇ ತುತ್ತಿನಿಂದ ಎರಡು ತಾಸು ಎಣಿಸ್ಬೇಕು, ಕೈ ತೊಳದಮ್ಯಾಲಿಂದ ಅಲ್ಲ. ಮೂರನೇದು ಎಚ್‌ಬಿಎ1ಸಿ, ಮೂರು ತಿಂಗಳ ಸರಾಸರಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕ್ತಾವು, ಅಷ್ಟು ದಿನ ಅವಕ್ಕ ಎಷ್ಟು ಸಕ್ರಿ ಅಂಟೇತಿ ಅನ್ನೂದರ ಲೆಕ್ಕ ಅದು. 5.7 ರ ಒಳಗ ಸರಿ, 6.5 ಇಲ್ಲಾ ಮ್ಯಾಲ ಕಾಯಿಲೆ.

ಇಲ್ಲೇ ಎರಡು ವ್ಯವಸ್ಥಿ ಕೂಡ್ತಾವು ನೋಡ್ರಿ. ಎಚ್‌ಬಿಎ1ಸಿ ನಿಂತಿದ್ದು ಕೆಂಪು ಕಣದ ಮ್ಯಾಲ, ಹಿಂಗಾಗಿ ರಕ್ತ ಕಡಿಮಿ ಇದ್ದವರಾಗ ಅದು ಸುಳ್ಳು ಹೇಳಬಹುದು. ಕಬ್ಬಿಣ ಅಂಶ ಕಡಿಮಿ ಆಗಿ ರಕ್ತಹೀನತೆ ಇದ್ರ ಇದ್ದದ್ದಕ್ಕಿಂತ ಜಾಸ್ತಿ ತೋರಸಬಹುದು, ಈಗಷ್ಟ ರಕ್ತ ಏರಿಸ್ಕೊಂಡಿದ್ರ ನಂಬಾಕ ಬರೂದಿಲ್ಲ. ಎಚ್‌ಬಿಎ1ಸಿ ಬಾಜೂಕ ಯಾವಾಗ್ಲೂ ಹಿಮೋಗ್ಲೋಬಿನ್ ನಂಬರ್ ಬರೀರಿ.

ಮಂದಿ ತಪ್ಪೂದು ಎಲ್ಲಿ ಅಂದ್ರ: ಖಾಲಿ ಹೊಟ್ಟಿ ಅಂತ ಹೇಳಿ ಅರ್ಧ ಕಪ್ ಚಾ ಕುಡದು ಬರ್ತಾರ, ಅದು ಖಾಲಿ ಹೊಟ್ಟಿ ಅಲ್ಲ. ಟೆಸ್ಟಿಗೆ ಅಂತ ನಾಕು ದಿನ ಪಥ್ಯ ಮಾಡಿ ಬರ್ತಾರ, ನಂಬರ್ ಚಂದ ಬರ್ತೈತಿ, ಮೈ ಹಂಗ ಉಳಿತೈತಿ. ಜ್ವರ, ಕೆಮ್ಮು, ಹುಣ್ಣು ಇದ್ದಾಗ ಶುಗರ್ ಏರ್ತೈತಿ, ಯಾಕಂದ್ರ ಸೋಂಕಿನ ಜೋಡಿ ಹೋರಾಡಾಕ ಮೈ ಬಿಡೂ ಹಾರ್ಮೋನು ಲಿವರ್‌ಗೆ ಸಕ್ರಿ ಬಿಡು ಅಂತಾವು, ಊಟ ಬಿಟ್ರೂ ಏರ್ತೈತಿ, "ಏನೂ ತಿಂದಿಲ್ಲ, ಗುಳಿಗಿ ಯಾಕ" ಅಂತ ತಾವ ಬಿಡೂದು ತಪ್ಪು, ಫೋನ್ ಮಾಡಿ ಡಾಕ್ಟರಿಗೆ ಕೇಳ್ರಿ. ಹಲ್ಲಿನ ವಸಡು ಬಾತು ರಕ್ತ ಬರೂದು ಸತೇಕ ಲೆಕ್ಕಕ್ಕ ಬರ್ತೈತಿ, ಶುಗರ್ ವಸಡು ಕೆಡಸ್ತೈತಿ, ಕೆಟ್ಟ ವಸಡು ಶುಗರ್ ಹತೋಟಿಗೆ ಬಿಡೂದಿಲ್ಲ.

ಇನ್ನೊಂದು, ನಮ್ಮ ಕಡೆ "ಜ್ವಾಳದ ರೊಟ್ಟಿಗೆ ಶುಗರ್ ಏರೂದಿಲ್ಲ" ಅಂತ ಗಟ್ಟಿ ನಂಬಿಕಿ ಐತಿ. ರೊಟ್ಟ್ಯಾಗ ನಾರು ಐತಿ, ಬಿಳಿ ಅನ್ನದಕಿಂತ ಛಲೋ, ಆದ್ರ ನಾಕು ರೊಟ್ಟಿ ಅಂದ್ರ ನಾಕು ರೊಟ್ಟಿನ. ಮೀಟರ್ ಇದ್ರ ಒಂದಿನ ಎರಡು ರೊಟ್ಟಿ, ಹೆಸರುಕಾಳು ಪಲ್ಯ, ಮೆಂತೆ ಸೊಪ್ಪು, ಮಜ್ಜಿಗಿ ಊಟ ಮಾಡಿ ಎರಡು ತಾಸಿಗೆ ನೋಡ್ರಿ, ಇನ್ನೊಂದಿನ ನಾಕು ರೊಟ್ಟಿ ಮ್ಯಾಲ ಅನ್ನ ಹಾಕ್ಕೊಂಡು ನೋಡ್ರಿ. ನಿಮ್ಮ ಮೀಟರ್ ಹೇಳಿದ್ದನ್ನ ನಂಬ್ರಿ.

ಹಂತ 4: ಕಿಡ್ನಿ ರಿಪೋರ್ಟ್‌ನಾಗ ಕ್ರಿಯಾಟಿನಿನ್ ಕೆಳಗಿನ ಸಾಲು ಓದ್ರಿ

ಎರಡೂ ಕಿಡ್ನಿ ಕೂಡಿ ದಿನಕ್ಕ ಸುಮಾರು 180 ಲೀಟರ್ ಸೋಸ್ತಾವು, ಅದರಾಗ ಹೊರಗ ಹೋಗೂದು ಒಂದೂವರಿ ಎರಡು ಲೀಟರ್ ಅಷ್ಟ, ಉಳದದ್ದೆಲ್ಲಾ ಮತ್ತ ಮೈಗೆ ವಾಪಸ್. ಕ್ರಿಯಾಟಿನಿನ್ ಅಂದ್ರ ಸ್ನಾಯು ಕೆಲಸ ಮಾಡಿ ಬಿಟ್ಟ ಕಸ, ಕಿಡ್ನಿ ಅದನ್ನ ಹೊರಗ ಹಾಕ್ಬೇಕು. ಸ್ನಾಯು ಜಾಸ್ತಿ ಇದ್ದವರಿಗೆ ಕಸ ಜಾಸ್ತಿ, ಸೊರಗಿದ ಮುದಿಕ್ಯಾರಿಗೆ ಕಸ ಕಡಿಮಿ. ಹಿಂಗಾಗಿ ಅದ ನಂಬರ್ ಇಬ್ಬರಿಗೆ ಬ್ಯಾರೆ ಅರ್ಥ ಕೊಡ್ತೈತಿ.

ಇದು ಭಾಳ ಮುಖ್ಯ, ನಿಧಾನ ಓದ್ರಿ. ಕ್ರಿಯಾಟಿನಿನ್ 1.1 ಅಂತ ಬಂತು ಅನ್ಕೋರಿ. ಮೂವತ್ತು ವರ್ಷದ ಹುಡುಗಗ ಇದ್ರ ಅವನ ಇಜಿಎಫ್‌ಆರ್ 90 ರ ಆಸುಪಾಸು. ಎಪ್ಪತ್ತು ವರ್ಷದ ಅಜ್ಜಿಗೆ ಅದ 1.1 ಇದ್ರ ಆಕೀದು 55 ರ ಆಸುಪಾಸು. ಇಜಿಎಫ್‌ಆರ್ ಅಂದ್ರ ಕಿಡ್ನಿ ನಿಮಿಷಕ್ಕ ಎಷ್ಟು ಮಿಲಿಲೀಟರ್ ಸೋಸ್ತೈತಿ ಅನ್ನೂ ಅಂದಾಜು, ವಯಸ್ಸು, ಗಂಡು ಹೆಣ್ಣು ಹಿಡಿದು ಲೆಕ್ಕ ಹಾಕ್ತಾರ. ಅದು 60 ರ ಕೆಳಗ ಮೂರು ತಿಂಗಳ ಮ್ಯಾಲ ಹಂಗ ಇದ್ರ ಕಿಡ್ನಿ ಕಾಯಿಲೆ ಅಂತ ಕರೀತಾರ. ಅಜ್ಜಿ ರಿಪೋರ್ಟ್‌ನಾಗ 1.1 ಬಾಜೂಕ ಕೆಂಪು ಗುರುತು ಬಂದಿರೂದಿಲ್ಲ, ಮನಿಯವರು "ಎಲ್ಲಾ ನಾರ್ಮಲ್ ಐತಿ" ಅಂತ ಮಡಚಿ ಇಡ್ತಾರ. ಕೌಂಟರ್‌ನಾಗ ನಾನು ಎಷ್ಟು ಸಲ ಆ ಹಾಳಿ ಮತ್ತ ಬಿಚ್ಚಿಸಿ ಬಟ್ಟು ಇಟ್ಟು ತೋರಿಸೀನಿ. ಇಜಿಎಫ್‌ಆರ್ ಬರದಿರಲಿಲ್ಲಂದ್ರ ಹಾಕಿ ಕೊಡ್ರಿ ಅಂತ ಕೇಳ್ರಿ.

ಶುಗರ್, ಬಿಪಿ ಇದ್ದವರು ವರ್ಷಕ್ಕೊಮ್ಮೆ ಮೂತ್ರದಾಗ ಆಲ್ಬುಮಿನ್ ಸೋರತೈತೇನು ನೋಡ್ಬೇಕು. ಆಲ್ಬುಮಿನ್ ಅಂದ್ರ ರಕ್ತದಾಗಿರೂ ಪ್ರೋಟೀನು, ಕಿಡ್ನಿಯ ಸೋಸೂ ಜಾಳಿಗಿ ಸವದಾಗ ಹೊರಗ ಬರ್ತೈತಿ, ಕ್ರಿಯಾಟಿನಿನ್ ಏರೂಕಿಂತ ಎಷ್ಟೋ ವರ್ಷ ಮೊದಲ ಸುಳಿವು ಕೊಡ್ತೈತಿ. ಮೂತ್ರದಾಗ ನೊರಿ ಬಂದು ನಿಂತ ಬಿಟ್ರ ಅದೂ ಒಂದು ಗುರುತು.

ಕಿಡ್ನಿಗೆ ಸೋಸೂದೊಂದ ಕೆಲಸ ಅಲ್ಲ. ರಕ್ತದಾಗ ಆಕ್ಸಿಜನ್ ಕಡಿಮಿ ಆತು ಅಂತ ಅದಕ್ಕ ತಿಳಿತೈತಿ, ತಿಳದ ಕೂಡ್ಲೇ ಎರಿಥ್ರೊಪೊಯೆಟಿನ್ ಅನ್ನೂ ಹಾರ್ಮೋನ್ ಬಿಟ್ಟು ಎಲುಬಿನ ಮಜ್ಜಿಗೆ, ಅಂದ್ರ ರಕ್ತಕಣ ಹುಟ್ಟೂ ಜಾಗಕ್ಕ, ಕೆಂಪು ಕಣ ಮಾಡು ಅಂತೈತಿ. ಕಿಡ್ನಿ ಸೋತವರ ಮಾರಿ ಬಿಳಚಿಕೊಳ್ಳೂದು, ಮೆಟ್ಟಲ ಏರಿದ್ರ ದಮ್ಮು ಹತ್ತೂದು ಇದಕ್ಕ. ವಿಟಮಿನ್ ಡಿ ದಾರಿ ನೋಡ್ರಿ ಬೇಕಾದ್ರ: ಬಿಸಿಲಿಗೆ ಚರ್ಮದಾಗ ಹುಟ್ಟತೈತಿ, ಲಿವರ್‌ನಾಗ ಒಂದು ಬದಲಾವಣಿ, ಕಿಡ್ನ್ಯಾಗ ಇನ್ನೊಂದು, ಆಮ್ಯಾಲ ಅದು ಕರುಳಿಗೆ ಹೋಗಿ ಊಟದಾಗಿನ ಕ್ಯಾಲ್ಸಿಯಂ ಹೀರಿಕೊಳ್ಳಾಕ ಹಚ್ಚತೈತಿ, ಕ್ಯಾಲ್ಸಿಯಂ ಎಲುಬಿಗೆ ಹೋಗ್ತೈತಿ. ಒಂದು ಎಲುಬು ಗಟ್ಟಿ ಇರಾಕ ಚರ್ಮ, ಲಿವರ್, ಕಿಡ್ನಿ, ಕರುಳು ನಾಕೂ ಕೈ ಹಚ್ಚಬೇಕು. ಬರೇ ಕ್ಯಾಲ್ಸಿಯಂ ಗುಳಿಗಿ ನುಂಗಿ ನೋವು ಹೋಗವಲ್ದು ಅನ್ನವ್ರು ಈ ದಾರ್ಯಾಗ ಎಲ್ಲಿ ತಡದೈತಿ ಅಂತ ಡಾಕ್ಟರ್ ಹತ್ರ ಕೇಳ್ಬೇಕು.

ಗದಗ ಜಿಲ್ಲೆಯವರಿಗೆ, ಅದ್ರಾಗೂ ಮುಂಡರಗಿ ಕಡೆ ಬೋರ್ ನೀರು ಕುಡಿಯವರಿಗೆ ಒಂದು ಮಾತು. ಆ ಕಡೆ ಕೆಲವು ಊರಾಗ ನೆಲದ ನೀರಿನ್ಯಾಗ ಫ್ಲೋರೈಡ್ ಜಾಸ್ತಿ ಐತಿ, ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ ನೀರು ವರ್ಷಗಟ್ಟಲೆ ಕುಡದ್ರ ಹಲ್ಲಿಗೆ ಕಂದು ಪಟ್ಟಿ ಬರ್ತಾವು, ಎಲುಬು ಸಂದು ಬಿಗಿತಾವು. ಕಾಸಿದ್ರ ಫ್ಲೋರೈಡ್ ಹೋಗೂದಿಲ್ಲ, ನೀರು ಆವಿ ಆಗಿ ಇನ್ನೂ ಗಟ್ಟಿ ಆಗ್ತೈತಿ. ಮೈಯಿಂದ ಅದನ್ನ ಹೊರಗ ಹಾಕೂದು ಕಿಡ್ನಿ, ಕಿಡ್ನಿ ದುರ್ಬಲ ಇದ್ದವರಿಗೆ ಅದು ಜಾಸ್ತಿ ಕೂಡ್ತೈತಿ. ಶುದ್ಧ ನೀರಿನ ಘಟಕದ್ದ ನೀರ ಕುಡೀರಿ, ಅಡಿಗಿಗೂ ಅದನ್ನ ಹಾಕ್ರಿ.

ಹಂತ 5: ರಕ್ತದ ರಿಪೋರ್ಟ್ ಒಂಟಿಯಾಗಿ ಓದಬ್ಯಾಡ್ರಿ

ಹಿಮೋಗ್ಲೋಬಿನ್ ಗಂಡಸರಿಗೆ 13, ಹೆಂಗಸರಿಗೆ 12, ಬಸುರಿಗೆ 11 ಕ್ಕಿಂತ ಕಡಿಮಿ ಇದ್ರ ರಕ್ತಹೀನತೆ. ಅದರ ಕೆಳಗ ಎಂಸಿವಿ ಅಂತ ಒಂದು ಸಾಲು ಇರ್ತೈತಿ, ಕೆಂಪು ಕಣದ ಗಾತ್ರ ಅದು. 80 ಕ್ಕಿಂತ ಕಡಿಮಿ, ಅಂದ್ರ ಕಣ ಸಣ್ಣವಾಗ್ಯಾವು, ಭಾಳ ಮಾಡಿ ಕಬ್ಬಿಣ ಅಂಶ ಸಾಲವಲ್ದು. 100 ರ ಮ್ಯಾಲ ಇದ್ರ ಕಣ ದೊಡ್ಡವಾಗ್ಯಾವು, ಬಿ12 ಇಲ್ಲಾ ಫೋಲಿಕ್ ಆಸಿಡ್ ನೋಡ್ಬೇಕು. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಅಂಶ ಕಡಿಮಿ ಬಂದ್ರ ಬರೇ ಟಾನಿಕ್ ಕುಡದು ಸುಮ್ಮನ ಆಗಬ್ಯಾಡ್ರಿ, ಹೊಟ್ಟಿ ಕರುಳಿನ್ಯಾಗ ಎಲ್ಲಾದ್ರೂ ರಕ್ತ ಸೋರತೈತೇನು ಅಂತ ಹುಡುಕಿಸ್ಬೇಕು.

ಬಿ12 ಸಂಬಂಧ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರ ನಮ್ಮಲ್ಲಿ ಪೂರ್ತಿ ಸಸ್ಯಾಹಾರಿ ಮನಿ ಭಾಳ. ಬಿ12 ಸಿಗೂದು ಹಾಲು, ಮೊಸರು, ತತ್ತಿ, ಮಾಂಸದಾಗ. ಶುಗರ್‌ಗೆ ಕೊಡೂ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡ್ರ ಬಿ12 ಹೀರೂದು ಕಡಿಮಿ ಆಗ್ತೈತಿ, ಗ್ಯಾಸ್ ಗುಳಿಗಿ ವರ್ಷಗಟ್ಟಲೆ ನುಂಗಿದ್ರೂ ಕಡಿಮಿ ಆಗ್ತೈತಿ, ಯಾಕಂದ್ರ ಊಟದಾಗಿಂದ ಬಿ12 ಬಿಡಿಸಾಕ ಹೊಟ್ಟ್ಯಾಗಿನ ಆಸಿಡ್ ಬೇಕು. ಈಗ ಸಸ್ಯಾಹಾರಿ, ಶುಗರ್ ಇದ್ದು ಮೆಟ್‌ಫಾರ್ಮಿನ್ ನುಂಗವ್ರು, ಮ್ಯಾಲ ದಿನಾ ಗ್ಯಾಸ್ ಗುಳಿಗಿ, ಇಂಥವರ ಪಾದ ಜುಮು ಜುಮು ಅನ್ನಾಕತ್ತು ಅನ್ಕೋರಿ. "ಶುಗರ್‌ದ ನರ ಕಾಯಿಲೆ" ಅಂತ ಬಿಟ್ಟು ಬಿಡ್ತಾರ. ಬಿ12 ನೋಡಸ್ರಿ, ಅದು ಕಡಿಮಿ ಇದ್ರ ತುಂಬಿಕೊಳ್ಳಾಕ ಬರ್ತೈತಿ, ಭಾಳ ತಡ ಮಾಡಿದ್ರ ನರದ ನಷ್ಟ ಪೂರ್ತಿ ಸರಿ ಆಗದ ಉಳಿಬಹುದು.

ಥೈರಾಯ್ಡ್ ಇನ್ನೊಂದು. ಕುತ್ತಿಗಿ ಮುಂದಿನ ಈ ಗ್ರಂಥಿ ಮೈಯ ವೇಗ ನಡಸ್ತೈತಿ. ಅದು ನಿಧಾನ ಆದ್ರ ಮಲಬದ್ಧತಿ, ತೂಕ, ಸುಸ್ತು, ಚಳಿ, ನಾಡಿ ನಿಧಾನ, ಮ್ಯಾಲ ಕೊಲೆಸ್ಟ್ರಾಲ್‌ನೂ ಏರ್ತೈತಿ. ಕೊಲೆಸ್ಟ್ರಾಲ್ ಜಾಸ್ತಿ ಬಂದಾಗ ಟಿಎಸ್‌ಎಚ್, ಅಂದ್ರ ಥೈರಾಯ್ಡ್ ನೋಡೂ ರಕ್ತದ ಟೆಸ್ಟ್, ಒಮ್ಮೆ ನೋಡಿರ್ಬೇಕು.

ಹಂತ 6: ಊಟ, ನಡಿಗಿ, ನಿದ್ದಿ ಒಂದು ವಾರ ಬರೀರಿ

ನೋಟ್‌ಬುಕ್ ಹಿಂದಿನ ಕಡೆಯಿಂದ ಶುರು ಮಾಡ್ರಿ. ಉಪ್ಪು ದಿನಕ್ಕ ಒಬ್ಬರಿಗೆ 5 ಗ್ರಾಂ ಒಳಗ ಅಂತಾರ, ಅಂದ್ರ ಒಂದು ಸಣ್ಣ ಚಮಚ, ಅಡಿಗಿ, ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ, ಮಿರ್ಚಿ ಭಜಿ, ಎಲ್ಲಾ ಹಿಡಿದು. "ಪಲ್ಯಕ್ಕ ಉಪ್ಪು ಕಡಿಮಿ ಹಾಕೀನಿ" ಅಂತಾರ, ತಾಟಿನ ತುದಿಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಾವಿನ ಉಪ್ಪಿನಕಾಯಿ ಮೂರೂ ಇರ್ತಾವು. ಒಂದು ಊಟಕ್ಕ ಒಂದ ಇಟ್ಕೋರಿ. ಬಿಪಿಗೆ ಛಲೋ ಅಂತ ಮಾರೂ ಕಡಿಮಿ ಸೋಡಿಯಂ ಉಪ್ಪಿನ್ಯಾಗ ಪೊಟ್ಯಾಸಿಯಂ ಇರ್ತೈತಿ, ಕಿಡ್ನಿ ಕಡಿಮಿ ಇದ್ದವರು, ಕೆಲವು ಬಿಪಿ ಗುಳಿಗಿ ತಗೊಳ್ಳವ್ರು ಡಾಕ್ಟರಿಗೆ ಕೇಳದ ಅದನ್ನ ಹಾಕಬ್ಯಾಡ್ರಿ, ಪೊಟ್ಯಾಸಿಯಂ ಏರಿದ್ರ ಹೃದಯದ ತಾಳ ತಪ್ಪತೈತಿ. ಎಳನೀರಿಗೂ ಅವರಿಗೆ ಇದ ಮಾತು.

ಊಟದ ಜೋಡಿ ಚಾ ಬ್ಯಾಡ, ಚಾ ಕಬ್ಬಿಣ ಅಂಶ ಹೀರಾಕ ಬಿಡೂದಿಲ್ಲ, ಒಂದು ತಾಸು ಬಿಟ್ಟು ಕುಡೀರಿ. ಪಲ್ಯಕ್ಕ ಲಿಂಬಿಹಣ್ಣು ಹಿಂಡಿಕೊಂಡ್ರ ಹೀರೂದು ಜಾಸ್ತಿ ಆಗ್ತೈತಿ.

ರಾತ್ರಿ ಊಟ ಆದಮ್ಯಾಲ ಹದಿನೈದು ನಿಮಿಷ ನಡೀರಿ. ಉಣಕಲ್ ಕೆರಿಗೋ ನೃಪತುಂಗ ಬೆಟ್ಟಕ್ಕೋ ಹೋಗ್ಲೇಬೇಕಂತಿಲ್ಲ, ಓಣ್ಯಾಗ ನಾಕು ಸುತ್ತು ಸಾಕು. ಸ್ನಾಯು ಕೆಲಸ ಮಾಡಾಕತ್ತಾಗ ಇನ್ಸುಲಿನ್ ಕಡಿಮಿ ಇದ್ರೂ ಗ್ಲುಕೋಸ್ ಒಯ್ಯತಾವು, ಊಟದ ಸಕ್ರಿ ರಕ್ತಕ್ಕ ಬರೂ ಹೊತ್ತಿನಾಗ ನಡದ್ರ ಲಾಭ ಜಾಸ್ತಿ. ವಾರದ ಒಟ್ಟು ನಡಿಗಿ 150 ನಿಮಿಷ ಆಗ್ಬೇಕು, ರಾತ್ರಿದು ಬಿಟ್ಟು ಉಳಿದದ್ದನ್ನ ಬ್ಯಾರೆ ಹೊತ್ತಿನಾಗ ನಡೀರಿ.

ನಿದ್ದಿ ಏಳು ತಾಸಿನ ಮ್ಯಾಲ. ರಾತ್ರಿ ಬಿಪಿ ತಾನ ಇಳಿತೈತಿ, ಹೃದಯಕ್ಕ ವಿಶ್ರಾಂತಿ ಸಿಗೂದು ಆಗ. ಜೋರು ಗೊರಕಿ ಹೊಡದು ನಡಕ ಉಸಿರು ನಿಂತಂಗ ಆಗಿ ಗಕ್ಕನೆ ಎಚ್ಚರ ಆಗವ್ರಿಗೆ ಆ ಇಳಿತ ಸಿಗೂದಿಲ್ಲ, ಮುಂಜಾನೆ ಬಿಪಿ ಏರಿರ್ತೈತಿ, ಹಗಲು ತೂಕಡಿಕಿ. ಮೂರು ಗುಳಿಗಿ ಕೊಟ್ರೂ ಬಿಪಿ ಇಳಿವಲ್ದು ಅಂದ್ರ ಗೊರಕಿ ಸುದ್ದಿ ಹೇಳ್ರಿ. ಬಾಜೂಕ ಮಲಗವ್ರಿಗೆ ಗೊತ್ತಿರ್ತೈತಿ, ಅವರನ್ನೂ ದವಾಖಾನಿಗೆ ಕರಕೊಂಡು ಹೋಗ್ರಿ.

ಸೊಂಟದ ಸುತ್ತಳತಿ ಹೊಕ್ಕಳದ ಮಟ್ಟಕ್ಕ ಟೇಪ್ ಹಿಡಿದು ಬರೀರಿ, ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಗುಟ್ಕಾ, ತಂಬಾಕು ಹಾಕೂದಿದ್ರ ಎಷ್ಟು ಅಂತ ಖರೇ ಬರೀರಿ, ನಿಕೋಟಿನ್ ನಾಳ ಬಿಗೀತೈತಿ, ಬಿಪಿ ಗುಳಿಗಿ ಒಂದು ಕಡೆ ಜಗ್ಗಿದ್ರ ಅದು ಇನ್ನೊಂದು ಕಡೆ ಜಗ್ಗತೈತಿ.

ಹಂತ 7: ಫೈಲ್ ತಗೊಂಡು ಎಲ್ಲಿಗೆ, ಯಾವಾಗ

30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಾಗ ಬಿಪಿ, ಶುಗರ್ ಪುಕ್ಕಟ ನೋಡ್ತಾರ, ಅಲ್ಲಿಂದ ಶುರು ಮಾಡ್ರಿ. ಮುಂದ ಬೇಕಾದ್ರ ತಾಲೂಕು, ಜಿಲ್ಲಾ ಆಸ್ಪತ್ರಿ ಐತಿ. ಎಷ್ಟ ಡಾಕ್ಟರ್ ಇರಲಿ, ಎಲ್ಲಾ ಕಾಗದ ಪೂರ್ತಿ ನೋಡೂ ಒಬ್ಬರು ಫಿಜಿಷಿಯನ್, ಅಂದ್ರ ಇಡೀ ಮೈ ನೋಡೂ ಡಾಕ್ಟರ್, ಇರಬೇಕು. ಹೊಸ ಗುಳಿಗಿ ಯಾರು ಬರದ್ರೂ "ನನ್ನ ಇಜಿಎಫ್‌ಆರ್ ಇಷ್ಟು, ಈ ಗುಳಿಗಿ ನಡಿತೈತೇನ್ರಿ?" ಅಂತ ಕೇಳ್ರಿ, ಕೇಳಾಕ ನಾಚಬ್ಯಾಡ್ರಿ.

ಫೈಲ್ ಹುಡುಕ್ಕೋತ ಹೊತ್ತು ಕಳೀಬಾರದ ಸಂದರ್ಭ ಇವು. ಎದಿ ಒತ್ತಿ ಹಿಡದಂಗ ನೋವು, ಎಡಗೈಗೋ ದವಡಿಗೋ ಹರದಾಡೂದು, ಬೆವರು. ಶುಗರ್ ಇದ್ದವರಿಗೆ ನೋವ ಇಲ್ಲದ ಬರೇ ದಮ್ಮು, ಬೆವರು ಬಂದೂ ಹೃದಯಾಘಾತ ಆಗ್ತೈತಿ, ಯಾಕಂದ್ರ ನೋವಿನ ಸುದ್ದಿ ಒಯ್ಯೂ ನರ ಮಂಕಾಗಿರ್ತಾವು, "ಗ್ಯಾಸ್ ಇರ್ಬೇಕು" ಅಂತ ಸೋಡಾ ಕುಡಿಸಿ ಕುಂದರಬ್ಯಾಡ್ರಿ. ಮಾರಿ ಒಂದು ಕಡೆ ಜೋತು ಬೀಳೂದು, ಒಂದು ಕೈ ಏಳದ ಇರೂದು, ಮಾತು ತೊದಲೂದು, ಇದು ಪಾರ್ಶ್ವವಾಯು, ರಕ್ತದ ಗಡ್ಡಿ ಕರಗಸೂ ಔಷಧ ಸಾಮಾನ್ಯವಾಗಿ ನಾಕೂವರಿ ತಾಸಿನ ಒಳಗ ಕೊಡ್ಬೇಕು, ಗಡಿಯಾರ ನೋಡಿ ಶುರು ಆದ ಹೊತ್ತು ನೆನಪಿಡ್ರಿ. ಎರಡಕ್ಕೂ 108.

ಶುಗರ್ ಇಳದು ಕೈ ನಡುಗಿ, ಬೆವತು, ಮಾತು ತಪ್ಪಾಕತ್ರ, ಮೀಟರ್‌ನಾಗ 70 ರ ಕೆಳಗ ಬಂದ್ರ, ಎಚ್ಚರ ಇದ್ದವರಿಗೆ ಮೂರು ಸಣ್ಣ ಚಮಚ ಸಕ್ರಿ ನೀರಿನ್ಯಾಗ ಕಲಸಿ ಕುಡಸ್ರಿ, ಹದಿನೈದು ನಿಮಿಷಕ್ಕ ಮತ್ತ ನೋಡ್ರಿ. ಎಚ್ಚರ ತಪ್ಪಿದ್ರ ಬಾಯಿಗೆ ಏನೂ ಹಾಕಬ್ಯಾಡ್ರಿ, ಮಗ್ಗಲಕ್ಕ ಹೊಳ್ಳಿಸಿ ಮಲಗಿಸಿ 108 ಕ್ಕ ಹಚ್ರಿ.

ಹಂತ 8: ಮೊದಲನೇ ಹಾಳಿ

ಫೈಲ್ ಬಿಚ್ಚಿದ ಕೂಡ್ಲೇ ಕಾಣೂ ಒಂದು ಹಾಳ್ಯಾಗ ಹೆಸರು, ವಯಸ್ಸು, ರಕ್ತದ ಗುಂಪು, ಯಾವ ಔಷಧ ಆಗಿ ಬರೂದಿಲ್ಲ, ಯಾವ ಕಾಯಿಲೆ ಎಂದಿನಿಂದ, ಈಗ ನುಂಗೂ ಗುಳಿಗಿ ಹೊತ್ತಿನ ಪ್ರಕಾರ, ಮನಿಯವರ ಫೋನ್ ನಂಬರ್. ಅದರ ಹಿಂದ ಒಂದು ಟೇಬಲ್: ತಾರೀಖು, ಬಿಪಿ, ಖಾಲಿ ಹೊಟ್ಟಿ ಶುಗರ್, ಎಚ್‌ಬಿಎ1ಸಿ, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಇಜಿಎಫ್‌ಆರ್, ತೂಕ, ಎಲ್ಲಾ ಒಂದ ಅಡ್ಡ ಸಾಲಿನ್ಯಾಗ ಬರಲಿ, ಪ್ರತಿ ಸಲ ಒಂದು ಹೊಸ ಸಾಲು. ಕ್ರಿಯಾಟಿನಿನ್ 0.8, 0.9, 1.1 ಅಂತ ಏರ್ಕೋತ ಹೋದದ್ದು ಬಿಡಿ ಬಿಡಿ ಹಾಳ್ಯಾಗ ಕಾಣೂದಿಲ್ಲ, ಒಂದರ ಕೆಳಗ ಒಂದು ಬರದ್ರ ಕಣ್ಣಿಗೆ ಹೊಡಿತೈತಿ. ಹಿಂದಿನ ರಿಪೋರ್ಟ್ ತಾರೀಖಿನ ಪ್ರಕಾರ, ಹೊಸದು ಮ್ಯಾಲ. ಮೊದಲನೇ ಹಾಳಿ ಫೋಟೋ ತಗದು ಮಕ್ಕಳ ಮೊಬೈಲ್‌ಗೂ ಕಳಿಸ್ರಿ.

ನಮ್ಮವ್ವನ ಫೈಲ್ ಕ್ಯಾಲೆಂಡರ್ ಪಕ್ಕದ ಮೊಳಿಗೆ ಜೋತು ಬಿಟ್ಟೀವಿ. ಮೊದಲನೇ ಹಾಳಿ ತುದಿಗೆ ಕೆಂಪು ಪೆನ್ನಿಲೆ ದೊಡ್ಡದಾಗಿ ಬರದೈತಿ: "ನೋವಿನ ಗುಳಿಗಿ ಕೊಡೂ ಮುಂಚೆ ಕಿಡ್ನಿ ನಂಬರ್ ನೋಡ್ರಿ." ಮೊನ್ನೆ ಹಲ್ಲು ಕೀಳಸಾಕ ಹೋದಾಗ ಆಕಿನ ಅದನ್ನ ಬಿಚ್ಚಿ ಡಾಕ್ಟರ್ ಮುಂದ ಇಟ್ಲು.